ಮುದ್ರಿತ ಪುಟ ಓದಲಾಗದ ಮಗು ಮತ್ತು ಶಾಲೆಯ ಗ್ರಂಥಪಾಲಕರು

ಕಣ್ಣು ಕಾಣದ ಮಗು, ಮಂದದೃಷ್ಟಿಯ ಮಗು, ಪುಸ್ತಕ ಹಿಡಿದು ಪುಟ ಮಗುಚಲು ಕೈ ಒಗ್ಗದ ಮಗು, ದೃಷ್ಟಿ ಸರಿಯಿದ್ದರೂ ಅಕ್ಷರ ಕೂಡಿಸಿ ಓದುವುದೇ ದುಸ್ತರವಾದ ಮಗು, ಈ ನಾಲ್ವರೂ ಬೇರೆ ಬೇರೆ ದಾರಿಯಿಂದ ಬಂದು ಒಂದೇ ಗೋಡೆಯ ಮುಂದೆ ನಿಲ್ಲುತ್ತಾರೆ. ಮುದ್ರಿತ ಪುಟ ಅವರಿಗೆ ತೆರೆದುಕೊಳ್ಳುವುದಿಲ್ಲ. ಈ ಗೋಡೆಯನ್ನು ದಾಟಿಸುವ ತಂತ್ರಜ್ಞಾನದ ಬಗ್ಗೆ ಕಳೆದ ಎರಡು ದಶಕಗಳಲ್ಲಿ ಬಹಳಷ್ಟು ಮಾತು ನಡೆದಿದೆ. ಆ ಮಾತಿನಲ್ಲಿ ವೈದ್ಯರಿದ್ದಾರೆ, ವಿಶೇಷ ಶಿಕ್ಷಕರಿದ್ದಾರೆ, ಎಂಜಿನಿಯರುಗಳಿದ್ದಾರೆ, ಸ್ವಯಂಸೇವಾ ಸಂಸ್ಥೆಗಳಿವೆ. ಶಾಲೆಯ ಗ್ರಂಥಪಾಲಕರ ಹೆಸರು ಮಾತ್ರ ಅಪರೂಪಕ್ಕೂ ಕೇಳಿಬರುವುದಿಲ್ಲ. ಇದು ಕೇವಲ ಮರೆವೆಂದು ನನಗನ್ನಿಸುವುದಿಲ್ಲ. ಸಮಸ್ಯೆಯನ್ನು ನಾವು ಎಲ್ಲಿ ಇಟ್ಟು ನೋಡುತ್ತಿದ್ದೇವೋ ಅಲ್ಲೇ ಎಡವಿದ್ದೇವೆ. ಕನ್ನಡ ಮಾಧ್ಯಮದಲ್ಲಿ ಕಲಿಯುವ ಇಂಥ ಮಗುವಿಗೆ ಇಂದು ಯಂತ್ರದ ಕೊರತೆಗಿಂತ ದೊಡ್ಡದಾಗಿ ಕಾಡುತ್ತಿರುವುದು ಯಂತ್ರ ಓದಬಲ್ಲ ಪಠ್ಯದ ಕೊರತೆ. ಆ ಪಠ್ಯವನ್ನು ಹುಡುಕುವುದು, ತರಿಸುವುದು, ತಿದ್ದುವುದು, ಪಟ್ಟಿಗೆ ಸೇರಿಸುವುದು, ಬೇಕಾದ ಹೊತ್ತಿಗೆ ಕೈಗೆ ಕೊಡುವುದು, ಇದೆಲ್ಲ ಹಿಂದಿನಿಂದಲೂ ಗ್ರಂಥಪಾಲಕರು ಮಾಡುತ್ತ ಬಂದ ಕೆಲಸವೇ. ಆದ್ದರಿಂದ ಸಹಾಯಕ ತಂತ್ರಜ್ಞಾನದ ಪ್ರಶ್ನೆ ಮೊದಲು ಗ್ರಂಥಾಲಯದ ಪ್ರಶ್ನೆ ಎಂಬುದು ಈ ಉಪನ್ಯಾಸದ ವಾದ.

ಯಂತ್ರದ ಕಡೆಯಿಂದಲೇ ನೋಡೋಣ. ಕಂಪ್ಯೂಟರ್ ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನು ಸ್ಕ್ರೀನ್ ರೀಡರ್ ಎನ್ನುತ್ತೇವೆ. ಒಂದು ಕಾಲಕ್ಕೆ ಅದನ್ನು ಕೊಳ್ಳುವುದು ಸಾಮಾನ್ಯ ಶಾಲೆಯ ಅಳವಿಗೆ ಮೀರಿದ ಮಾತಾಗಿತ್ತು. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್, ತಾವೇ ದೃಷ್ಟಿಯಿಲ್ಲದವರಾಗಿದ್ದು, ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರನ್ನು ಬರೆಯತೊಡಗಿದರು. ಅದರ ಜೊತೆಗೇ ಬರುವ ಇ-ಸ್ಪೀಕ್ ಎಂಬ ದನಿ ಕನ್ನಡವನ್ನೂ ಓದುತ್ತದೆ. ಕಿವಿಗೆ ಅಷ್ಟು ಹಿತವಾಗಿಲ್ಲ, ಆದರೆ ಅರ್ಥವಾಗುತ್ತದೆ, ವೇಗ ಹೆಚ್ಚಿಸಿದರೂ ಸ್ಪಷ್ಟವಾಗಿರುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಸಿಗುತ್ತದೆ. ಅದಕ್ಕೆ ಇನ್ನೂ ಸಹಜವಾದ ಕನ್ನಡದ ದನಿಯನ್ನು ಸೇರಿಸಿಕೊಳ್ಳಬಹುದು. ಅಂದರೆ ಮನೆಯಲ್ಲೊಂದು ಸಾಧಾರಣ ಸ್ಮಾರ್ಟ್‌ಫೋನ್ ಇದ್ದರೆ ಓದುವ ಯಂತ್ರ ಆ ಮನೆಗೆ ಆಗಲೇ ಬಂದಾಗಿದೆ. ಹೀಗಿದ್ದೂ ನಮ್ಮ ಆಡಳಿತದ ಕಲ್ಪನೆಯಲ್ಲಿ ವಿಕಲಚೇತನ ಮಗುವಿಗೆ ನೆರವಾಗುವುದೆಂದರೆ ಸಾಧನ ವಿತರಣೆ. 1981ರಿಂದ ನಡೆದುಬಂದಿರುವ ಕೇಂದ್ರದ ಎಡಿಐಪಿ ಯೋಜನೆಯೂ ಸಾಧನಗಳನ್ನು ಒದಗಿಸುವ ಯೋಜನೆಯೇ. ಗಾಲಿಕುರ್ಚಿ, ಶ್ರವಣಸಾಧನ, ಬಿಳಿಕೋಲುಗಳ ಮಟ್ಟಿಗೆ ಅದು ಸರಿಯಾದ ಕ್ರಮ. ಅವು ಸಿಕ್ಕ ದಿನವೇ ಕೆಲಸಕ್ಕೆ ಬರುತ್ತವೆ. ಓದಿನ ಸಾಧನ ಹಾಗಲ್ಲ. ಪ್ರತಿ ವರ್ಷ, ಪ್ರತಿ ತರಗತಿಗೆ, ಪ್ರತಿ ಪಾಠಕ್ಕೆ ಅದರೊಳಗೆ ಓದಲು ಏನಾದರೂ ಬಂದು ಬೀಳುತ್ತಿರಬೇಕು. ಆ ಪೂರೈಕೆ ಇಲ್ಲದಿದ್ದರೆ ಕೊಟ್ಟ ಟ್ಯಾಬ್ಲೆಟ್ ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಉಳಿಯುತ್ತದೆ, ಮತ್ತು ತಪ್ಪು ಮಗುವಿನ ನಿರಾಸಕ್ತಿಯ ಮೇಲೆ ಬೀಳುತ್ತದೆ.

ಕನ್ನಡದಲ್ಲಿ ಈ ಪೂರೈಕೆ ಏಕೆ ಕಷ್ಟವಾಯಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ವಾದದ ಜೀವ ಇರುವುದು ಅಲ್ಲಿ. ಲಿಪಿಗಳ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಎಂಬ ಮಾನಕದಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗವಿದೆ. ಆದರೆ ನಮ್ಮ ಡಿಟಿಪಿ ಅಂಗಡಿಗಳು, ಮುದ್ರಣಾಲಯಗಳು, ಸರಕಾರಿ ಕಚೇರಿಗಳು ದೀರ್ಘಕಾಲ ಕೆಲಸ ಮಾಡಿದ್ದು ಬೇರೆ ಬಗೆಯ ಫಾಂಟುಗಳಲ್ಲಿ. ಬರಹ, ನುಡಿ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಹಳೆಯ ಆವೃತ್ತಿಗಳಲ್ಲಿ ಕನ್ನಡದ ಆಕಾರಗಳನ್ನು ತುಂಡುಗಳಾಗಿ ಮಾಡಿ ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕೂರಿಸಲಾಗಿತ್ತು. ಅಂದಿನ ಕಂಪ್ಯೂಟರುಗಳ ಮಿತಿಯಲ್ಲಿ ಅದು ಬುದ್ಧಿವಂತ ಉಪಾಯವಾಗಿತ್ತು. ಅದಿಲ್ಲದೆ ಕನ್ನಡದ ಮುದ್ರಣ ಕಂಪ್ಯೂಟರಿಗೆ ಅಷ್ಟು ಬೇಗ ಬರುತ್ತಿರಲಿಲ್ಲ. ಆದರೆ ಅದರ ಬೆಲೆಯನ್ನು ತೆತ್ತವರು ಕಣ್ಣಿಲ್ಲದ ಓದುಗರು. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದರೆ ಕಣ್ಣಿಗೆ ಕಾಣುವುದು ಕನ್ನಡ. ಕಂಪ್ಯೂಟರಿನ ಒಳಗೆ ಇರುವುದು ಪಿ, ಮೇಲೆ ಗೆರೆಯೆಳೆದ ಎ, ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಎಸ್, ಆಮೇಲೆ ಕ್ಯೂ, ಕೊನೆಗೆ ಇನ್ನೊಮ್ಮೆ ಅದೇ ಎ. ಸ್ಕ್ರೀನ್ ರೀಡರ್ ಆಕಾರವನ್ನು ನೋಡುವುದಿಲ್ಲ, ಸಂಕೇತವನ್ನು ಓದುತ್ತದೆ. ಹಾಗಾಗಿ ಇಡೀ ಪಾಠ ಮಗುವಿನ ಕಿವಿಗೆ ಅರ್ಥವಿಲ್ಲದ ಅಕ್ಷರಗಳ ಸುರಿಮಳೆಯಾಗಿ ಬರುತ್ತದೆ. ಹೊರನೋಟಕ್ಕೆ ಅಚ್ಚುಕಟ್ಟಾಗಿರುವ, ಜಾಲತಾಣದಲ್ಲಿ ಉಚಿತವಾಗಿ ಸಿಗುವ ಪಿಡಿಎಫ್ ಪುಸ್ತಕವೊಂದು ಈ ಕಾರಣಕ್ಕೆ ಮುಚ್ಚಿದ ಪುಸ್ತಕವಾಗಿಬಿಡಬಹುದು. ಪುಸ್ತಕ ಇದೆಯೆಂದು ಇಲಾಖೆ ಹೇಳುತ್ತದೆ, ಓದಲಾಗುತ್ತಿಲ್ಲವೆಂದು ಮಗು ಹೇಳುತ್ತದೆ. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ನಡುವೆ ನಿಂತು ಕಡತವನ್ನು ತೆರೆದು, ಇದು ಯೂನಿಕೋಡ್ ಹೌದೋ ಅಲ್ಲವೋ ಎಂದು ನೋಡುವವರೊಬ್ಬರು ಬೇಕು. ಹಳೆಯ ಸಂಕೇತವನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ನಡುನಡುವೆ ನಿಜವಾದ ಇಂಗ್ಲಿಷ್ ಪದಗಳೋ ಸೂತ್ರಗಳೋ ಬಂದರೆ ಪರಿವರ್ತಕ ಅವನ್ನೂ ಕನ್ನಡದ ತುಂಡುಗಳೆಂದು ಭಾವಿಸಿ ಕೆಡಿಸುತ್ತದೆ. ವಿಜ್ಞಾನ, ಗಣಿತದ ಪಠ್ಯಗಳಲ್ಲಿ ಇದು ಪುಟಪುಟಕ್ಕೂ ಆಗುವಂಥದ್ದು. ಯಾರಾದರೂ ಕೂತು ತಿದ್ದಲೇಬೇಕು.

ಕಡತವೇ ಇಲ್ಲದ, ಕಾಗದದಲ್ಲಿ ಮಾತ್ರ ಉಳಿದ ಪುಸ್ತಕಗಳದು ಇನ್ನೊಂದು ಕಥೆ. ಅವನ್ನು ಸ್ಕ್ಯಾನ್ ಮಾಡಿದರೆ ಸಿಗುವುದು ಪುಟದ ಚಿತ್ರ. ಚಿತ್ರದಿಂದ ಅಕ್ಷರ ಗುರುತಿಸುವ ಓಸಿಆರ್ ತಂತ್ರಾಂಶ ಕನ್ನಡಕ್ಕೆ ತಡವಾಗಿಯಾದರೂ ಬಂದಿದೆ. ಮುಕ್ತವಾಗಿ ಸಿಗುವ ಟೆಸರಾಕ್ಟ್ ಕನ್ನಡವನ್ನು ಗುರುತಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ತಂಡ ‘ಲಿಪಿ ಜ್ಞಾನಿ’ ಎಂಬ ಓಸಿಆರ್ ರೂಪಿಸಿತು. ಹಳಗನ್ನಡದ ಪುಟಗಳನ್ನು, ಕನ್ನಡ ಲಿಪಿಯಲ್ಲಿ ಅಚ್ಚಾದ ಸಂಸ್ಕೃತ, ಕೊಂಕಣಿ, ತುಳು ಪಠ್ಯಗಳನ್ನೂ ಓದುವುದು ಅದರ ಗುರಿಯಾಗಿತ್ತು. ಇದು ನಾವು ಹೆಮ್ಮೆಪಡಬೇಕಾದ ಕೆಲಸ. ಆದರೆ ಯಾವ ಓಸಿಆರ್ ಆದರೂ ನಮ್ಮ ಲಿಪಿಯ ಕೆಲವು ಮೂಲೆಗಳಲ್ಲಿ ತಡವರಿಸುತ್ತದೆ. ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ಎಷ್ಟೋ ಕಡೆ ಇರುವ ವ್ಯತ್ಯಾಸ ಒಂದು ಸಣ್ಣ ಸೀಳು ಮಾತ್ರ. ಮಸಿ ಹರಡಿದ ಹಳೆಯ ಅಚ್ಚಿನಲ್ಲಿ ಅದು ಕಾಣೆಯಾಗುತ್ತದೆ. ಅನುಸ್ವಾರವೂ ಸೊನ್ನೆಯೂ ಒಂದೇ ಆಕಾರ. ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಾಗಿದರೆ ಎರಡು ಸಾಲೂ ಕೆಡುತ್ತವೆ. ನೋಡುವ ಓದುಗ ಇಂಥ ತಪ್ಪನ್ನು ಸಂದರ್ಭದಿಂದ ತಿದ್ದಿಕೊಂಡು ಮುಂದೆ ಹೋಗುತ್ತಾನೆ. ಪದವನ್ನು ಮೊದಲ ಬಾರಿಗೆ ಕೇಳುತ್ತಿರುವ ಐದನೇ ತರಗತಿಯ ಮಗುವಿಗೆ ತಪ್ಪು ಪದವೇ ಪದವಾಗಿ ನೆಲೆಯೂರುತ್ತದೆ. ಅಕ್ಷರ ತಿದ್ದಿದ ಮೇಲೂ ಕೆಲಸ ಮುಗಿಯುವುದಿಲ್ಲ. ಅಧ್ಯಾಯ ಎಲ್ಲಿ ಆರಂಭ, ಉಪಶೀರ್ಷಿಕೆ ಯಾವುದು, ಅಚ್ಚಿನ ಪುಸ್ತಕದ 43ನೆಯ ಪುಟ ಈ ಕಡತದಲ್ಲಿ ಎಲ್ಲಿದೆ ಎಂಬುದನ್ನು ಗುರುತು ಮಾಡಬೇಕು. ಇಲ್ಲದಿದ್ದರೆ ಮೇಷ್ಟ್ರು ‘43ನೇ ಪುಟ ತೆಗೆಯಿರಿ’ ಎಂದಾಗ ಇಡೀ ತರಗತಿಯಲ್ಲಿ ಒಂದೇ ಒಂದು ಮಗು ಹಿಂದೆ ಉಳಿಯುತ್ತದೆ. ಡೈಸಿ ಎಂಬ ರೂಪ ಹುಟ್ಟಿದ್ದೇ ಹೀಗೆ ಗುರುತು ಹಿಡಿದು ಓಡಾಡಲು ಅನುವು ಮಾಡಿಕೊಡುವುದಕ್ಕೆ; ಇ-ಪುಸ್ತಕಗಳ ಇಪಬ್ ರೂಪದಲ್ಲೂ ಅದು ಸಾಧ್ಯ. ನಕ್ಷೆ, ಚಿತ್ರ, ಕೋಷ್ಟಕಗಳಿಗೆ ಮಾತಿನಲ್ಲಿ ವಿವರಣೆ ಬರೆಯಬೇಕು. ಕಾವೇರಿ ಕೊಳ್ಳದ ನಕ್ಷೆಗೆ ‘ನಕ್ಷೆ’ ಎಂದಷ್ಟೇ ಬರೆದರೆ ಏನೂ ಬರೆದಂತಾಗಲಿಲ್ಲ. ನದಿ ಎಲ್ಲಿ ಹುಟ್ಟಿ ಯಾವ ದಿಕ್ಕಿಗೆ ಹರಿಯುತ್ತದೆ, ಉಪನದಿಗಳು ಯಾವ ಕಡೆಯಿಂದ ಸೇರುತ್ತವೆ ಎಂದು ಬರೆಯುವವರಿಗೆ ಭಾಷೆಯೂ ಬೇಕು, ಪಾಠ ಯಾವುದನ್ನು ಕೇಳುತ್ತಿದೆ ಎಂಬ ತಿಳಿವೂ ಬೇಕು.

ಹೀಗೆ ಒಮ್ಮೆ ಶುದ್ಧವಾದ ಯೂನಿಕೋಡ್ ಪಠ್ಯ ಸಿದ್ಧವಾದರೆ ಅದೇ ಕಡತದಿಂದ ಹಲವು ಪುಸ್ತಕಗಳು ಹುಟ್ಟುತ್ತವೆ. ದನಿಯಾಗಿ ಕೇಳಬಹುದು. ಅಕ್ಷರ ಹಿಗ್ಗಿಸಿ ಮಂದದೃಷ್ಟಿಯ ಮಗುವಿಗೆ ಅಚ್ಚು ಹಾಕಬಹುದು. ಬ್ರೈಲ್‌ಗೂ ತಿರುಗಿಸಬಹುದು. ಭಾರತೀಯ ಭಾಷೆಗಳಿಗೆ ಸಮಾನವಾದ ಭಾರತಿ ಬ್ರೈಲ್ ಪದ್ಧತಿ 1951ರಲ್ಲಿ ನೆಲೆಗೊಂಡಿತು. ಒಂದೇ ಧ್ವನಿಗೆ ಎಲ್ಲ ಭಾಷೆಗಳಲ್ಲೂ ಬಹುಮಟ್ಟಿಗೆ ಒಂದೇ ಚುಕ್ಕಿಗಳು. ಅಚ್ಚಿನಲ್ಲಿ ಕೆಳಗೆ ಕೂರುವ ಒತ್ತು ಬ್ರೈಲ್‌ನಲ್ಲಿ ಸಾಲಿನಲ್ಲೇ ಮುಂದುವರಿಯುತ್ತದೆ. ಈ ನಿಯಮಗಳನ್ನೆಲ್ಲ ಅಳವಡಿಸಿಕೊಂಡ ಲಿಬ್‌ಲೂಯಿ ಎಂಬ ಮುಕ್ತ ತಂತ್ರಾಂಶ ಕನ್ನಡ ಪಠ್ಯವನ್ನು ಬ್ರೈಲ್‌ಗೆ ತಿರುಗಿಸುತ್ತದೆ. ಮೈಸೂರಿನಲ್ಲಿ ಸರಕಾರಿ ಬ್ರೈಲ್ ಮುದ್ರಣಾಲಯವೇ ಇದೆ. ಇಲ್ಲಿ ಒಂದು ಗಂಭೀರ ಆಕ್ಷೇಪಕ್ಕೆ ಉತ್ತರಿಸಬೇಕು. ಕಿವಿಯಲ್ಲಿ ಕೇಳುವುದು ಸುಲಭವಾದ ಮೇಲೆ ಮಕ್ಕಳು ಬ್ರೈಲ್ ಬಿಟ್ಟುಬಿಡುತ್ತಾರೆ, ಅಕ್ಷರಜ್ಞಾನವೇ ಹೋಗುತ್ತದೆ ಎಂದು ಅನುಭವಿ ಅಂಧಶಿಕ್ಷಕರು ಹೇಳುತ್ತಾರೆ. ಈ ಆತಂಕ ನ್ಯಾಯವಾದದ್ದು. ‘ಶಂಕರ’ ಎಂಬಲ್ಲಿ ಶಕಾರವೋ ಷಕಾರವೋ ಎಂಬುದು ಕೇಳಿಸಿಕೊಂಡಷ್ಟರಿಂದ ತಿಳಿಯದು; ಬೆರಳು ಅಕ್ಷರವನ್ನು ಮುಟ್ಟಿದಾಗ ತಿಳಿಯುತ್ತದೆ. ಬರೆಯಲು, ಗಣಿತ ಮಾಡಲು, ಕವಿತೆಯ ಸಾಲು ಎಲ್ಲಿ ಮುರಿಯಿತೆಂದು ತಿಳಿಯಲು ಬ್ರೈಲ್ ಬೇಕೇ ಬೇಕು. ಆದರೆ ಬ್ರೈಲ್ ಹಿಂದೆ ಸರಿದದ್ದು ಮಕ್ಕಳಿಗೆ ದನಿ ಸಿಕ್ಕಿದ್ದರಿಂದ ಮಾತ್ರವೇ? ಅಚ್ಚಿನ ಒಂದು ಪುಸ್ತಕ ಬ್ರೈಲ್‌ನಲ್ಲಿ ಹಲವು ದಪ್ಪ ಸಂಪುಟಗಳಾಗುತ್ತದೆ. ಪಠ್ಯಪುಸ್ತಕದಾಚೆಗೆ ಕಥೆ, ವಿಜ್ಞಾನ, ಜೀವನಚರಿತ್ರೆಗಳು ಆ ರೂಪದಲ್ಲಿ ಹಳ್ಳಿಯ ಶಾಲೆಗೆ ಬರುವುದಿಲ್ಲ. ಓದಲು ಏನೂ ಇಲ್ಲದ ಲಿಪಿಯನ್ನು ಯಾವ ಮಗುವೂ ಉಳಿಸಿಕೊಳ್ಳದು. ಕಡತದಿಂದ ಬೇಕಾದ ಅಧ್ಯಾಯವನ್ನಷ್ಟೇ ಬ್ರೈಲ್‌ನಲ್ಲಿ ತೆಗೆದು ಕೊಡಬಲ್ಲ ಗ್ರಂಥಾಲಯ ಬ್ರೈಲ್‌ಗೆ ಜೀವ ತುಂಬುತ್ತದೆ. ದನಿಯನ್ನು ಕಿತ್ತುಕೊಂಡು ಬ್ರೈಲ್ ಉಳಿಸಲಾಗುವುದಿಲ್ಲ.

ಕೇಳುವುದು ಓದೇ ಅಲ್ಲ ಎನ್ನುವವರಿಗೆ ಹೇಳಬೇಕಾದ ಮಾತು ಇನ್ನೊಂದಿದೆ. ಕುಮಾರವ್ಯಾಸ ಭಾರತವನ್ನು ಕನ್ನಡನಾಡು ಶತಮಾನಗಳ ಕಾಲ ಬಹುಮಟ್ಟಿಗೆ ಕಿವಿಯಿಂದಲೇ ಓದಿತು. ಗಮಕಿ ವಾಚಿಸಿದರು, ವ್ಯಾಖ್ಯಾನಕಾರರು ಬಿಡಿಸಿ ಹೇಳಿದರು, ಕೇಳಿದವರು ಅದನ್ನು ಬಾಳಿಗೆ ಇಳಿಸಿಕೊಂಡರು. ಅದನ್ನು ಅನಕ್ಷರತೆ ಎಂದು ತಳ್ಳಿಹಾಕಲು ನಮ್ಮಲ್ಲಿ ಯಾರಿಗೂ ಮನಸ್ಸಾಗದು. ಆದರೂ ಗಮಕದ ಕೇಳುಗರಿಗೆ ತಮಗೆ ಬೇಕಾದ ಪದ್ಯಕ್ಕೆ ಹಿಂತಿರುಗುವ, ಕಠಿಣ ಭಾಗವನ್ನು ಮೂರು ಸಲ ಕೇಳುವ, ಬೇಡದ್ದನ್ನು ಬಿಟ್ಟು ಮುಂದೆ ಹೋಗುವ ಸ್ವಾತಂತ್ರ್ಯವಿರಲಿಲ್ಲ. ಅವರು ವಾಚಕರ ಕಾಲಕ್ಕೆ ಒಳಪಟ್ಟಿದ್ದರು. ಕಣ್ಣಿಲ್ಲದ ವಿದ್ಯಾರ್ಥಿಯ ಸ್ಥಿತಿಯೂ ಬಹುಕಾಲ ಇದೇ ಆಗಿತ್ತು. ಅಕ್ಕನಿಗೋ ಗೆಳೆಯನಿಗೋ ಬಿಡುವಾದಾಗ ಓದಿ ಹೇಳಿದಷ್ಟೇ ಅವನ ಪುಸ್ತಕ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿ ಬದುಕು ಕಟ್ಟಿಕೊಟ್ಟದ್ದು ಈ ನಾಡು ಕೈಮುಗಿಯುವ ಕೆಲಸ. ಸಂಗೀತ ಅವರಿಗೆ ತೆರೆದುಕೊಂಡದ್ದಕ್ಕೆ ಗುರುಗಳ ತಪಸ್ಸು ಒಂದು ಕಾರಣವಾದರೆ, ಆ ವಿದ್ಯೆ ಅಚ್ಚಿನ ಪುಟದ ಹಂಗಿಲ್ಲದೆ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಹರಿಯುತ್ತದೆ ಎಂಬುದು ಇನ್ನೊಂದು. ಭೌತಶಾಸ್ತ್ರ, ಕಾನೂನು, ಇತಿಹಾಸ ಹಾಗೆ ಹರಿಯುವುದಿಲ್ಲ. ಅವಕ್ಕೆ ಪಠ್ಯ ಬೇಕು, ಮತ್ತೆ ಮತ್ತೆ ಒಬ್ಬನೇ ಕೂತು ತಿರುವಿ ಹಾಕಲು ಬರುವ ಪಠ್ಯ. ಸಂಗೀತವನ್ನು ಪ್ರೀತಿಯಿಂದ ಆರಿಸಿಕೊಂಡವನಿಗೂ ಬೇರೆ ದಾರಿಯಿಲ್ಲದೆ ಆರಿಸಿಕೊಂಡವನಿಗೂ ನಡುವಿನ ಅಂತರವನ್ನು ತುಂಬುವುದು ಗ್ರಂಥಾಲಯ.

ಈವರೆಗೆ ದೃಷ್ಟಿಯ ಬಗ್ಗೆ ಹೆಚ್ಚು ಹೇಳಿದೆ. ಸಂಖ್ಯೆಯಲ್ಲಿ ದೊಡ್ಡದಿರಬಹುದಾದ, ಗುರುತಿಗೆ ಅಷ್ಟಾಗಿ ಸಿಗದ ಗುಂಪು ಬೇರೊಂದಿದೆ. 2011ರ ಜನಗಣತಿ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರನ್ನು ಎಣಿಸಿತು. ಆದರೆ ಅದು ಎಣಿಸಿದ್ದು ಎಂಟು ಬಗೆಗಳಲ್ಲಿ. ಡಿಸ್ಲೆಕ್ಸಿಯದಂಥ ಕಲಿಕಾ ನ್ಯೂನತೆ ಅದರಲ್ಲಿ ಪ್ರತ್ಯೇಕವಾಗಿ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಹೆಸರಿಸಿ ಇದನ್ನೂ ಸೇರಿಸಿತು, ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸುವ ಹೊಣೆಯನ್ನು ಶಾಲೆಗಳ ಮೇಲೆ ಹೊರಿಸಿತು. ಕನ್ನಡದಲ್ಲಿ ಆ ಗುರುತಿಸುವಿಕೆ ಸುಲಭವಲ್ಲ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೊನಾಲಿ ನಾಗ್ ಅವರು ಕನ್ನಡ ಕಲಿಯುವ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನ, ನಮ್ಮ ಅಕ್ಷರಮಾಲೆ, ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಕೈವಶವಾಗಲು ಹಲವು ವರ್ಷಗಳೇ ಬೇಕಾಗುತ್ತವೆ ಎಂದು ತೋರಿಸಿತು. ಇಂಗ್ಲಿಷಿನ 26 ಅಕ್ಷರಗಳ ಲೆಕ್ಕದಲ್ಲಿ ಕನ್ನಡದ ಮಗುವನ್ನು ಅಳೆಯಲಾಗದು. ಹಾಗಾಗಿ ನಾಲ್ಕನೇ ತರಗತಿಯಲ್ಲಿ ತಡವರಿಸುವ ಮಗು ನಿಧಾನವಾಗಿ ಕಲಿಯುತ್ತಿದೆಯೋ, ನ್ಯೂನತೆಯಿಂದ ಕಷ್ಟಪಡುತ್ತಿದೆಯೋ ಎಂದು ಹೇಳಲು ಪರಿಣತರೇ ಬೇಕು. ಆ ತೀರ್ಮಾನ ಬರುವವರೆಗೆ ಮಗು ಏನು ಮಾಡಬೇಕು? ಅದರ ಬುದ್ಧಿ ತನ್ನ ವಯಸ್ಸಿಗೆ ತಕ್ಕ ಕಥೆಯನ್ನು ಕೇಳುತ್ತಿರುತ್ತದೆ, ಕಣ್ಣು ಮಾತ್ರ ಎರಡನೇ ತರಗತಿಯ ವಾಕ್ಯದಲ್ಲೇ ನಿಂತಿರುತ್ತದೆ. ದನಿ ಓದುತ್ತಿರುವಾಗಲೇ ಪರದೆಯ ಮೇಲೆ ಆಯಾ ಪದ ಬಣ್ಣದಲ್ಲಿ ಎದ್ದು ಕಾಣುವ ವ್ಯವಸ್ಥೆ ಈ ಮಗುವಿಗೆ ದೊಡ್ಡ ನೆರವು. ಅದಕ್ಕೆ ಪ್ರಮಾಣಪತ್ರದ ಅಗತ್ಯವೂ ಇಲ್ಲ. 2015ರಿಂದ ಸ್ಟೋರಿವೀವರ್ ತಾಣದಲ್ಲಿ ಮುಕ್ತ ಪರವಾನಗಿಯ ಕನ್ನಡ ಮಕ್ಕಳ ಕಥೆಗಳಿವೆ. ಕಾದಂಬರಿಕಾರ ನಿರಂಜನರ ಕೃತಿಗಳೂ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶವೂ 2014ರಲ್ಲಿ ಮುಕ್ತ ಪರವಾನಗಿಗೆ ಬಂದವು. ಇವನ್ನು ತರಗತಿವಾರು ಆರಿಸಿ, ಕೇಳುವ ರೂಪದಲ್ಲಿ ಇಡಲು ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ಕಿವಿ ಕೇಳದ ಮಕ್ಕಳ ಅಗತ್ಯ ಬೇರೆ; ಅವರಿಗೆ ಬೇಕಾದದ್ದು ಸಂಜ್ಞಾಭಾಷೆಯ ವಿಡಿಯೊ ಮತ್ತು ಅಡಿಬರಹ. ಎನ್‌ಸಿಇಆರ್‌ಟಿಯೂ ಭಾರತೀಯ ಸಂಜ್ಞಾಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವೂ 2020ರಲ್ಲಿ ಪಠ್ಯಗಳನ್ನು ಸಂಜ್ಞಾಭಾಷೆಗೆ ತರುವ ಒಪ್ಪಂದ ಮಾಡಿಕೊಂಡವು. ಅಲ್ಲಿಯೂ ಹುಡುಕಿ ಆರಿಸಿ ಪಾಠಕ್ಕೆ ಜೋಡಿಸಿ ಕೊಡುವವರ ಕೆಲಸ ಇದೇ ಬಗೆಯದು.

ಹಕ್ಕುಸ್ವಾಮ್ಯದ ಭಯ ಅನೇಕರನ್ನು ಕಟ್ಟಿಹಾಕಿದೆ. ಪುಸ್ತಕವನ್ನು ಸ್ಕ್ಯಾನ್ ಮಾಡಿ ಕೊಟ್ಟರೆ ಪ್ರಕಾಶಕರು ಕೇಸು ಹಾಕುವುದಿಲ್ಲವೇ? ಇದಕ್ಕೆ ಕಾನೂನಿನ ಉತ್ತರ ಸ್ಪಷ್ಟ. 2012ರ ತಿದ್ದುಪಡಿ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52(1)ನೆಯ ಕಲಮಿಗೆ ಝಡ್‌ಬಿ ಎಂಬ ಖಂಡವನ್ನು ಸೇರಿಸಿತು. ವಿಕಲಚೇತನರಿಗೆ ಓದಲು ಅನುವಾಗುವ ಯಾವುದೇ ರೂಪಕ್ಕೆ ಕೃತಿಯನ್ನು ಬದಲಿಸುವುದು, ಪ್ರತಿ ಮಾಡುವುದು, ಅವರಿಗೆ ಹಂಚುವುದು ಹಕ್ಕುಸ್ವಾಮ್ಯದ ಉಲ್ಲಂಘನೆಯಲ್ಲ. ಲಾಭ ಮಾಡಬಾರದು, ತಯಾರಿಕೆಯ ಖರ್ಚು ಮಾತ್ರ ಪಡೆಯಬಹುದು, ಆ ಪ್ರತಿ ವಿಕಲಚೇತನರಿಗಷ್ಟೇ ತಲುಪುವಂತೆ ಎಚ್ಚರ ವಹಿಸಬೇಕು. ಈ ಕೆಲಸ ಮಾಡಬಲ್ಲ ಸಂಸ್ಥೆಗಳು ಯಾವುವು ಎಂದು ವಿವರಿಸುವಾಗ ಕಾಯ್ದೆ ಸರಕಾರದ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಯನ್ನೂ ಗ್ರಂಥಾಲಯವನ್ನೂ ಹೆಸರಿಟ್ಟು ಹೇಳುತ್ತದೆ. ಶಾಲೆಯ ಗ್ರಂಥಾಲಯ ಎರಡೂ ಆಗಿದೆ. ಇಂಥ ಓದುಗರಿಗಾಗಿ ಹಕ್ಕುಸ್ವಾಮ್ಯವನ್ನು ಸಡಿಲಿಸುವ 2013ರ ಅಂತರರಾಷ್ಟ್ರೀಯ ಮರ‍್ರಾಕೆಶ್ ಒಪ್ಪಂದವನ್ನು 2014ರಲ್ಲಿ ಅನುಮೋದಿಸಿದ ಮೊದಲ ದೇಶ ಭಾರತ. 2016ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಡೈಸಿ ಫೋರಮ್ ಆಫ್ ಇಂಡಿಯಾ ಜೊತೆಗೂಡಿ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯವನ್ನು ತೆರೆಯಿತು. ದೇಶದ ಹಲವು ಸಂಸ್ಥೆಗಳು ಸಿದ್ಧಪಡಿಸಿದ ಕಡತಗಳು ಅಲ್ಲಿ ಒಂದೆಡೆ ಸಿಗುತ್ತವೆ. ಒಂದು ಶಾಲೆ ಮಾಡಿದ ಪುಸ್ತಕ ಇನ್ನೊಂದು ಶಾಲೆ ಮತ್ತೆ ಮಾಡಬೇಕಿಲ್ಲ. ಹಾಸನದಲ್ಲಿ ತಿದ್ದಿದ ಕಥೆ ಕಾಸರಗೋಡಿನ ಕನ್ನಡ ಶಾಲೆಯ ಮಗುವಿಗೂ ಅಕ್ಕಲಕೋಟೆಯ ಕನ್ನಡ ಶಾಲೆಯ ಮಗುವಿಗೂ ಒದಗುತ್ತದೆ. ಆದರೆ ಈ ಜಾಲಕ್ಕೆ ಮಗುವನ್ನು ನೋಂದಾಯಿಸುವುದು, ಇದ್ದ ಪುಸ್ತಕ ಇಳಿಸಿಕೊಡುವುದು, ಇಲ್ಲದ್ದಕ್ಕೆ ಬೇಡಿಕೆ ಕಳಿಸುವುದು ತಾನಾಗಿ ನಡೆಯುವುದಿಲ್ಲ.

ಕಾನೂನು ಇಷ್ಟು ಕೊಟ್ಟಿದ್ದರೂ ಒಂದು ಕೊಂಡಿಯನ್ನು ಬಿಟ್ಟಿದೆ. ವಿಕಲಚೇತನರ ಹಕ್ಕುಗಳ ಕಾಯ್ದೆಯ 17ನೆಯ ಕಲಮು, ಶೇ. 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ಸೂಕ್ತ ಸಹಾಯಕ ಸಾಧನಗಳನ್ನು ಉಚಿತವಾಗಿ ಕೊಡಬೇಕೆನ್ನುತ್ತದೆ. 2009ರ ಶಿಕ್ಷಣದ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಯಲ್ಲಿ ಪತ್ರಿಕೆ, ನಿಯತಕಾಲಿಕೆ, ಕಥೆಪುಸ್ತಕಗಳಿರುವ ಗ್ರಂಥಾಲಯ ಇರಬೇಕೆನ್ನುತ್ತದೆ. ಅದೇ ಅನುಸೂಚಿ ಶಿಕ್ಷಕರ ಸಂಖ್ಯೆಯನ್ನು ಲೆಕ್ಕ ಹಾಕುವಾಗ ಕಲೆ, ದೈಹಿಕ ಶಿಕ್ಷಣ, ಕಾರ್ಯಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಹೇಳುತ್ತದೆ, ಗ್ರಂಥಪಾಲಕರ ಮಾತೆತ್ತುವುದಿಲ್ಲ. ಕೇಂದ್ರೀಯ ವಿದ್ಯಾಲಯ, ನವೋದಯಗಳಲ್ಲಿ ಆ ಹುದ್ದೆಯಿದೆ. ನಮ್ಮ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಯಾರಾದರೊಬ್ಬ ಶಿಕ್ಷಕರ ಹೆಸರಿಗೆ ಗ್ರಂಥಾಲಯದ ಉಸ್ತುವಾರಿ ಬರೆದಿರುತ್ತದೆ. ಅವರಿಗೆ ಬಿಸಿಯೂಟದ ಲೆಕ್ಕವೂ ಚುನಾವಣೆ ಕೆಲಸವೂ ಇರಬಹುದು. ಇಲ್ಲದ ಗ್ರಂಥಪಾಲಕರ ಬಗ್ಗೆ ಇಷ್ಟು ಮಾತೇ ಎಂದು ಕೇಳುವವರ ಆಕ್ಷೇಪ ಇದು, ಮತ್ತು ಇದೇ ಅತ್ಯಂತ ಬಲವಾದದ್ದು. ಪ್ರತಿ ಶಾಲೆಗೂ ಹುದ್ದೆ ಬೇಕೆಂದು ಕೇಳುವುದು ನ್ಯಾಯ. ಆದರೆ ಅದಾಗುವವರೆಗೆ ಕಾಯುವ ಮಗು ಅಷ್ಟರಲ್ಲಿ ಶಾಲೆ ಮುಗಿಸಿರುತ್ತದೆ. ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ (ಬಿಆರ್‌ಸಿ) ಒಬ್ಬರಂತೆ, ಗ್ರಂಥಾಲಯ ವಿಜ್ಞಾನ ಕಲಿತು ಕಡತ ಸಿದ್ಧಪಡಿಸುವ ತರಬೇತಿ ಪಡೆದವರನ್ನು ನೇಮಿಸಬಹುದು. ಅವರು ಕಡತ ತಯಾರಿಸಿ ಪಟ್ಟಿ ಮಾಡಿ ಕಳಿಸಲಿ. ಶಾಲೆಯ ಉಸ್ತುವಾರಿ ಶಿಕ್ಷಕರು ಮಗುವಿನ ಕೈಗೆ ಮುಟ್ಟಿಸಲಿ. ರಾಜ್ಯದಲ್ಲಿ 5,000ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ‘ಓದುವ ಬೆಳಕು’ ಕಾರ್ಯಕ್ರಮ ಶಾಲಾಮಕ್ಕಳನ್ನು ಅಲ್ಲಿಗೆ ಉಚಿತ ಸದಸ್ಯರನ್ನಾಗಿ ಮಾಡಿತು. ಸಂಜೆ, ರಜಾದಿನಗಳಲ್ಲಿ ಮಗುವಿಗೆ ಅದೇ ಕಡತ ಅಲ್ಲಿಯೂ ಸಿಗಬೇಕು.

ವಿಕಲಚೇತನ ಮಕ್ಕಳಿಗೆಂದೇ ಇರುವ ಸಂಪನ್ಮೂಲ ಶಿಕ್ಷಕರು, ಅಂದರೆ ಬಿಐಇಆರ್‌ಟಿಗಳು ಇದ್ದಾರಲ್ಲ, ಇದು ಅವರ ಕೆಲಸವಲ್ಲವೇ ಎಂದು ಕೇಳಬಹುದು. ತಾಲೂಕಿನ ಶಾಲೆಗಳನ್ನು ಸುತ್ತುತ್ತ ಅವರು ಮಾಡುವ ಕೆಲಸ ದೊಡ್ಡದು: ಮಗುವಿಗೆ ಬ್ರೈಲ್ ಕಲಿಸುವುದು, ಓಡಾಟ ಕಲಿಸುವುದು, ಪಾಲಕರಿಗೆ ಧೈರ್ಯ ಹೇಳುವುದು, ಮನೆಯಾಧಾರಿತ ಶಿಕ್ಷಣ. ಅವರ ಗಮನ ಮಗುವಿನ ಮೇಲಿರುತ್ತದೆ, ಇರಬೇಕಾದದ್ದೂ ಅಲ್ಲೇ. ಇಪ್ಪತ್ತು ಮಕ್ಕಳಿಗೆ ಬೇಕಾದ ಒಂದೇ ಸಮಾಜ ವಿಜ್ಞಾನದ ಪುಸ್ತಕವನ್ನು ತಿದ್ದುತ್ತ ಕೂರಲು ಅವರಿಗೆ ಹೇಳುವುದು ಆ ಮಕ್ಕಳಿಂದ ಶಿಕ್ಷಕರನ್ನು ಕಿತ್ತುಕೊಂಡಂತೆ. ಇನ್ನು ಕೆಲವರು, ಕೃತಕ ಬುದ್ಧಿಮತ್ತೆ ಬಂದಿದೆ, ಫೋನಿನ ಕ್ಯಾಮೆರಾ ಹಿಡಿದರೆ ಪುಟವನ್ನು ಓದುತ್ತದೆ, ಚಿತ್ರವನ್ನೂ ವಿವರಿಸುತ್ತದೆ, ಇನ್ನು ಯಾರೂ ಬೇಡ ಎನ್ನುತ್ತಾರೆ. ಔಷಧಿಯ ಚೀಟಿ, ಬಸ್ಸಿನ ಫಲಕ, ಒಂದು ಪುಟದ ಸುತ್ತೋಲೆಗೆ ಅದು ನಿಜವಾಗಿಯೂ ವರದಾನ. ಇನ್ನೂರು ಪುಟದ ಪುಸ್ತಕವನ್ನು ಪುಟಪುಟವಾಗಿ ಕ್ಯಾಮೆರಾಕ್ಕೆ ಹಿಡಿ ಎಂದು ಕಾಣದ ಮಗುವಿಗೆ ಹೇಳುವುದು ಕ್ರೌರ್ಯ. ಜೊತೆಗೆ, ಯಂತ್ರ ಚಿತ್ರವನ್ನು ತಪ್ಪಾಗಿ ವಿವರಿಸಿದಾಗ ಅದನ್ನು ಪರೀಕ್ಷಿಸುವ ದಾರಿ ಆ ಮಗುವಿಗಿಲ್ಲ. ಯಂತ್ರ ಒಳ್ಳೆಯದಾದಷ್ಟೂ ತಿದ್ದುವವರ ಶ್ರಮ ಕಡಿಮೆಯಾಗುತ್ತದೆ, ಹೊಣೆ ಕಡಿಮೆಯಾಗುವುದಿಲ್ಲ.

ಒಂದು ಶಾಲೆಯಲ್ಲಿ ಇಂಥ ಮಗು ಒಂದೋ ಎರಡೋ, ಅದಕ್ಕಾಗಿ ಇಷ್ಟೆಲ್ಲ ಏಕೆ ಎಂಬ ಮಾತನ್ನು ಬಹಿರಂಗವಾಗಿ ಯಾರೂ ಆಡುವುದಿಲ್ಲ, ಆದರೆ ಬಜೆಟ್ಟು ಆಡುತ್ತದೆ. ಬೆಂಗಳೂರಿನಲ್ಲಿ ಕೊನೆಯ ವರ್ಷಗಳನ್ನು ಕಳೆದ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಕಟ್ಟಿದಾಗ ಒಂದು ಸೂತ್ರವನ್ನು ಓದುಗನ ಕಡೆಯಿಂದ, ಇನ್ನೊಂದನ್ನು ಪುಸ್ತಕದ ಕಡೆಯಿಂದ ಹೇಳಿದರು. ಎಷ್ಟು ಜನ ಕೇಳಿದರು ಎಂಬ ಲೆಕ್ಕ ಅವುಗಳಲ್ಲಿ ಇಲ್ಲ. ಒಬ್ಬ ಓದುಗನಿಗೆ ತನ್ನ ಪುಸ್ತಕ ಸಿಗಲಿಲ್ಲವೆಂದರೆ ಆ ಮಟ್ಟಿಗೆ ಗ್ರಂಥಾಲಯ ತನ್ನ ಕೆಲಸ ಮಾಡಿಲ್ಲ. ಈ ದೃಷ್ಟಿಯನ್ನು ಗ್ರಂಥಪಾಲಕರು ಸಹಾಯಕ ತಂತ್ರಜ್ಞಾನದೊಳಗೆ ತರಬಲ್ಲರು, ಬೇರೆ ಇಲಾಖೆಗಳಿಗೆ ಅದು ಕಷ್ಟ. ಚಿಕಿತ್ಸೆಯ ಕಣ್ಣಿಗೆ ಮಗು ಫಲಾನುಭವಿ. ಗ್ರಂಥಾಲಯದ ಕಣ್ಣಿಗೆ ಓದುಗ. ಓದುಗನಿಗೆ ಆಯ್ಕೆಯಿರುತ್ತದೆ. ಪಾಠಕ್ಕೆ ಬೇಡದ ಪತ್ತೇದಾರಿ ಕಥೆ, ಕ್ರಿಕೆಟ್ಟಿನ ಪುಸ್ತಕ, ತನ್ನದೇ ದೇಹದ ಬಗ್ಗೆ ಯಾರನ್ನೂ ಕೇಳಲಾಗದ ಪ್ರಶ್ನೆಗೆ ಉತ್ತರವಿರುವ ಪುಸ್ತಕ ಆ ಮಗುವಿಗೂ ಬೇಕು. ಇನ್ನೊಬ್ಬರು ಓದಿ ಹೇಳಬೇಕಾದ ಮಗು ಇಂಥವನ್ನು ಕೇಳುವುದೇ ಇಲ್ಲ, ನಾಚಿಕೆಯಿಂದ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಒಬ್ಬಳೇ ಓದುವ ಹುಡುಗಿಗೆ ಆ ಏಕಾಂತವನ್ನು ಕೊಡುವುದು ಅಂಕ ಹೆಚ್ಚಿಸುವಷ್ಟೇ ಮುಖ್ಯ. ಅವಳು ಯಾವ ಪುಸ್ತಕ ತೆಗೆದುಕೊಂಡಳು ಎಂಬ ದಾಖಲೆ ಫಲಕದ ಮೇಲೆ ಬರಬಾರದು, ಸಾಧನೆಯ ವರದಿಯಲ್ಲಿ ಅವಳ ಫೋಟೊವೂ ಬರಬಾರದು.

ಕೊನೆಯದಾಗಿ ಹಣ ಮತ್ತು ಪ್ರಕಾಶಕರ ವಿಷಯ. ಸಮಗ್ರ ಶಿಕ್ಷಣ ಯೋಜನೆ ಶಾಲಾ ಗ್ರಂಥಾಲಯಕ್ಕೆ ವರ್ಷಕ್ಕೆ 5,000ದಿಂದ 20,000 ರೂಪಾಯಿಯವರೆಗೆ ಅನುದಾನ ಕೊಡುತ್ತದೆ, ಪ್ರತಿ ವಿಕಲಚೇತನ ಮಗುವಿನ ಹೆಸರಿನಲ್ಲಿ 3,500 ರೂಪಾಯಿ ಪ್ರತ್ಯೇಕವಾಗಿ ಇಡುತ್ತದೆ. ಎರಡೂ ಬೇರೆ ಬೇರೆ ಕಡತಗಳಲ್ಲಿ ಓಡಾಡುವುದರಿಂದ ಒಂದರಿಂದ ಇನ್ನೊಂದಕ್ಕೆ ನೆರವಾಗುವುದು ಕಡಿಮೆ. ಆದರೆ ನಮ್ಮ ರಾಜ್ಯದ ಕೈಯಲ್ಲಿ ಇದಕ್ಕಿಂತ ದೊಡ್ಡ ಕೀಲಿಯೊಂದಿದೆ: ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿ. ಕನ್ನಡದ ಸಣ್ಣ ಪ್ರಕಾಶಕರಿಗೆ ಅದು ಉಸಿರು. ಆ ಖರೀದಿಗೆ ಆಯ್ಕೆಯಾದ ಪ್ರತಿ ಪುಸ್ತಕದ ಯೂನಿಕೋಡ್ ಕಡತವನ್ನೋ ಇಪಬ್ ಪ್ರತಿಯನ್ನೋ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಠೇವಣಿ ಇಡಬೇಕೆಂಬ ಒಂದೇ ನಿಯಮ ಮಾಡಿದರೆ, ಸ್ಕ್ಯಾನ್ ಮಾಡಿ ತಿದ್ದುವ ಶ್ರಮದ ಬಹುಪಾಲು ತಪ್ಪುತ್ತದೆ. ಕಡತ ಸೋರಿ ತಮ್ಮ ಮಾರಾಟ ಕೆಡುತ್ತದೆಂಬ ಪ್ರಕಾಶಕರ ಭಯ ಅಸಡ್ಡೆ ಮಾಡುವಂಥದ್ದಲ್ಲ; 500 ಪ್ರತಿ ಅಚ್ಚು ಹಾಕಿಸಿ ಎರಡು ವರ್ಷ ಮಾರುವವರಿಗೆ ಅದು ಹೊಟ್ಟೆಪಾಡಿನ ಮಾತು. ಆದ್ದರಿಂದ ನೋಂದಾಯಿತ ಓದುಗರಿಗಷ್ಟೇ ತೆರೆಯುವ ವ್ಯವಸ್ಥೆ, ಯಾರಿಗೆ ಕೊಟ್ಟೆವೆಂಬ ಗೋಪ್ಯ ದಾಖಲೆ, ಪರಿವರ್ತನೆಯ ಸಣ್ಣ ಖರ್ಚನ್ನು ಗ್ರಂಥಾಲಯ ಕರದಿಂದ ಭರಿಸುವ ಏರ್ಪಾಡು ಅದೇ ನಿಯಮದಲ್ಲಿ ಸೇರಬೇಕು. ಪಠ್ಯಪುಸ್ತಕಗಳ ಮಟ್ಟಿಗೆ ಖರೀದಿಯ ಪ್ರಶ್ನೆಯೂ ಇಲ್ಲ, ಅವು ಸರಕಾರದ್ದೇ. ಅಚ್ಚಿಗೆ ಕಳಿಸುವ ದಿನವೇ ಯೂನಿಕೋಡ್ ಕಡತವನ್ನು ತಾಲೂಕುಗಳಿಗೆ ಕಳಿಸಬಹುದು. ಉಳಿದ ಮಕ್ಕಳಿಗೆ ಹೊಸ ಪುಸ್ತಕ ಸಿಗುವ ವಾರದಲ್ಲೇ ಈ ಮಗುವಿಗೂ ಸಿಗಬೇಕಾದರೆ ಬೇಸಿಗೆ ರಜೆ ಶುರುವಾಗುವ ಮೊದಲೇ ಕಡತ ಬಿಆರ್‌ಸಿ ತಲುಪಿರಬೇಕು, ಮತ್ತು ಅದನ್ನು ಕೇಳಿ ಪಡೆದು ತಿದ್ದಿ ಕಳಿಸುವವರು ಯಾರೆಂದು ಇಲಾಖೆಯ ಆದೇಶದಲ್ಲಿ ಹುದ್ದೆಯ ಹೆಸರು ಬರೆದಿರಬೇಕು.